42 ನಿಮಿಷಕ್ಕೆ ಮುಚ್ಚುವ ಸೆಕ್ಷನ್: ನೀಟ್ ಪಿಜಿಗೆ ಕೂರುವ ಇಂಟರ್ನ್‌ಗಳಿಗೆ

ನೀಟ್ ಪಿಜಿ ಅಂದರೆ ಎಂಬಿಬಿಎಸ್ ನಂತರದ ಎಂಡಿ, ಎಂಎಸ್ ಸೀಟುಗಳ ಪ್ರವೇಶ ಪರೀಕ್ಷೆ, ನಡೆಯುವುದು ಕಂಪ್ಯೂಟರಿನಲ್ಲಿ. ಅದಕ್ಕೆ ಓದುತ್ತಿರುವ ಇಂಟರ್ನ್‌ಗಳನ್ನು ‘ತಯಾರಿ ಎಲ್ಲಿಗೆ ಬಂತು’ ಅಂತ ಕೇಳಿದರೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. ಮೆಡಿಸಿನ್ ಎರಡನೇ ಸಲ ಓದಿ ಆಯ್ತು, ಸರ್ಜರಿ ಅರ್ಧ ಆಗಿದೆ, ಪಿಎಸ್‌ಎಂ (ಸಮುದಾಯ ವೈದ್ಯಶಾಸ್ತ್ರ) ಬಾಕಿ. ಕಂಪ್ಯೂಟರ್ ಪರದೆಯ ಬಗ್ಗೆ ಯಾರೂ ಮಾತೆತ್ತುವುದಿಲ್ಲ. ‘40 ಪ್ರಶ್ನೆಗಳಿಗೆ 42 ನಿಮಿಷದಲ್ಲಿ, ಮೌಸ್ ಹಿಡಿದು ಉತ್ತರ ಗುರುತು ಹಾಕಿ ನೋಡಿದ್ದೀರಾ’ ಅಂದರೆ ‘ಅದನ್ನ ಕೊನೇ ತಿಂಗಳು ಮಾಡ್ತೀನಿ ಮೇಡಂ’ ಅನ್ನುತ್ತಾರೆ. ಮಡಿಕೇರಿಯಲ್ಲಿ ಪೆಥಾಲಜಿ ಪಾಠ ಮಾಡುತ್ತಾ, ಅವರ ಮಾಕ್ ಟೆಸ್ಟ್‌ಗಳನ್ನು (ಅಣಕು ಪರೀಕ್ಷೆಗಳನ್ನು) ಪಕ್ಕದಲ್ಲೇ ಕೂತು ನೋಡುತ್ತಾ ಬಂದಿದ್ದೇನೆ. ಪಾಠ ಗೊತ್ತಿದ್ದೂ ಕೈಬಿಟ್ಟುಹೋಗುವ ಅಂಕಗಳನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅವುಗಳಲ್ಲಿ ಬಹಳಷ್ಟನ್ನು ಉಳಿಸಿಕೊಳ್ಳಬಹುದು. ಅದಕ್ಕೆ ಪರದೆಯ ಅಭ್ಯಾಸ ಓದಿನ ಜೊತೆಗೇ, ಮೊದಲ ತಿಂಗಳಿಂದಲೇ ಶುರುವಾಗಬೇಕು.

ಪರೀಕ್ಷೆಯ ಅಳತೆ ಎಲ್ಲರಿಗೂ ಗೊತ್ತು: 200 ಪ್ರಶ್ನೆ, ಮೂರೂವರೆ ಗಂಟೆ, 800 ಅಂಕ. ಸರಿ ಉತ್ತರಕ್ಕೆ 4, ತಪ್ಪಿಗೆ ಒಂದು ಅಂಕ ಕಡಿತ, ಬಿಟ್ಟರೆ ಸೊನ್ನೆ. ಆದರೆ 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ವಿಜ್ಞಾನ ಪರೀಕ್ಷಾ ಮಂಡಳಿ ಒಂದು ಬದಲಾವಣೆ ತಂದಿತು. 200 ಪ್ರಶ್ನೆಗಳನ್ನು 40ರಂತೆ ಐದು ಸೆಕ್ಷನ್ ಮಾಡಿ, ಒಂದೊಂದಕ್ಕೂ 42 ನಿಮಿಷ ಅಂತ ಗೆರೆ ಎಳೆಯಿತು. 42 ನಿಮಿಷ ಮುಗಿಯುವ ತನಕ ಮುಂದಿನ ಸೆಕ್ಷನ್‌ಗೆ ಹೋಗುವಂತಿಲ್ಲ. ಮುಗಿದ ಮೇಲೆ ಹಿಂದಿನದಕ್ಕೆ ವಾಪಸ್ ಬರುವಂತಿಲ್ಲ. ಒಂದರಲ್ಲಿ ಐದು ನಿಮಿಷ ಉಳಿಸಿದರೆ ಅದು ಇನ್ನೊಂದಕ್ಕೆ ಸೇರುವುದೂ ಇಲ್ಲ.

ಸೀನಿಯರ್‌ಗಳು ಕೊಡುತ್ತಿದ್ದ ಹಳೆಯ ಸಲಹೆ ಇಲ್ಲಿ ಮುರಿದುಬಿತ್ತು. ‘ಸುಲಭದ್ದನ್ನೆಲ್ಲ ಮೊದಲು ಮುಗಿಸು, ಕಷ್ಟದ್ದಕ್ಕೆ ಕೊನೆಯ ಒಂದು ಗಂಟೆ ಇಟ್ಟುಕೋ’ ಅನ್ನುತ್ತಿದ್ದರು. ಈಗ ಆ ಕೊನೆಯ ಗಂಟೆಯೇ ಇಲ್ಲ. ಇದನ್ನು ಮೂರೂವರೆ ಗಂಟೆಯ ಒಂದು ಪರೀಕ್ಷೆ ಅಂತ ಯೋಚಿಸುವವರು ಮೊದಲ ಸೆಕ್ಷನ್‌ನಲ್ಲೇ ಎಡವುತ್ತಾರೆ. 42 ನಿಮಿಷದ ಐದು ಪರೀಕ್ಷೆ ಅಂತ ಇಟ್ಟುಕೊಳ್ಳಿ. ಅಭ್ಯಾಸದ ಅಳತೆಯೂ ಅದೇ ಆಗಲಿ. ಇಡೀ 200 ಪ್ರಶ್ನೆಯ ಮಾಕ್‌ಗೆ ಡ್ಯೂಟಿ ನಡುವೆ ಪುರುಸೊತ್ತು ಸಿಗದಿರಬಹುದು. ಆದರೆ 42 ನಿಮಿಷ ಯಾವ ಇಂಟರ್ನ್‌ಗೂ ಸಿಗುತ್ತದೆ.

ಒಂದು ಪ್ರಶ್ನೆಗೆ ಸರಾಸರಿ 63 ಸೆಕೆಂಡ್. ಆದರೆ ಎಲ್ಲ ಪ್ರಶ್ನೆಗೂ 63 ಸೆಕೆಂಡ್ ಕೊಡುವುದು ಸರಿಯಾದ ಹಂಚಿಕೆಯಲ್ಲ. ನಾನು ಹೇಳುವ ಲೆಕ್ಕ ಹೀಗೆ. ಮೊದಲ ಸುತ್ತಿನಲ್ಲಿ ಪ್ರಶ್ನೆಗೆ 45 ಸೆಕೆಂಡ್ ಅಂತ ಇಟ್ಟುಕೊಂಡರೆ 40 ಪ್ರಶ್ನೆಗೆ 30 ನಿಮಿಷ. ನೋಡಿದ ತಕ್ಷಣ ಗೊತ್ತಾಗುವ ಒಂದೇ ಸಾಲಿನ ಪ್ರಶ್ನೆ 15 ಸೆಕೆಂಡಿಗೆ ಮುಗಿಯುತ್ತದೆ, ಉದ್ದದ್ದು ಒಂದು ನಿಮಿಷ ದಾಟುತ್ತದೆ, ಸರಿಹೋಗುತ್ತದೆ. ಅನುಮಾನ ಇರುವುದಕ್ಕೆ ಆ ಹೊತ್ತಿಗೆ ತೋಚಿದ ಉತ್ತರ ಒತ್ತಿಯೇ ‘ಮಾರ್ಕ್ ಫಾರ್ ರಿವ್ಯೂ’ (ಮತ್ತೊಮ್ಮೆ ನೋಡಬೇಕು ಅನ್ನುವ ಗುರುತು) ಹಾಕಿ. ಉತ್ತರ ಒತ್ತಿ ಗುರುತು ಹಾಕಿದ್ದನ್ನು ಈ ಪರೀಕ್ಷೆಯಲ್ಲಿ ಮೌಲ್ಯಮಾಪನಕ್ಕೆ ತೆಗೆದುಕೊಳ್ಳುತ್ತಾರೆ. ಬರೀ ಗುರುತು ಹಾಕಿ ಖಾಲಿ ಬಿಟ್ಟರೆ ಮಾತ್ರ ನಷ್ಟ. ಉಳಿದ 12 ನಿಮಿಷದಲ್ಲಿ 10 ನಿಮಿಷ ಗುರುತು ಹಾಕಿದ್ದಕ್ಕೆ, ಕೊನೆಯ ಎರಡು ನಿಮಿಷ ಯಾವುದಾದರೂ ಖಾಲಿ ಇದೆಯಾ ಅಂತ ನೋಡುವುದಕ್ಕೆ. ಮೊದಮೊದಲು 30 ನಿಮಿಷದಲ್ಲಿ 28 ಪ್ರಶ್ನೆ ದಾಟುವುದೂ ಕಷ್ಟವಾಗುತ್ತದೆ. ಗಾಬರಿ ಬೇಡ, ದಿನಾ ಮಾಡಿದರೆ ವೇಗ ಬರುತ್ತದೆ.

ಖಾಲಿ ಬಿಡಬೇಕಾ, ಊಹೆ ಮಾಡಬೇಕಾ? ಈ ಪ್ರಶ್ನೆ ಕೇಳದ ಬ್ಯಾಚೇ ಇಲ್ಲ. ಇದಕ್ಕೆ ಧೈರ್ಯ ಬೇಕಿಲ್ಲ, ಲೆಕ್ಕ ಸಾಕು. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಒಂದನ್ನು ಒತ್ತಿದರೆ ನಾಲ್ಕರಲ್ಲಿ ಒಂದು ಸಲ 4 ಬರುತ್ತದೆ, ಮೂರು ಸಲ ಒಂದೊಂದು ಹೋಗುತ್ತದೆ. ಸರಾಸರಿ ತೆಗೆದರೆ ಪ್ರಶ್ನೆಗೆ ಕಾಲು ಅಂಕ ಲಾಭ. ಒಂದು ಆಯ್ಕೆ ಖಂಡಿತ ಅಲ್ಲ ಅಂತ ಹೊಡೆದುಹಾಕಿದರೆ ಲಾಭ ಸುಮಾರು 0.67ಕ್ಕೆ ಏರುತ್ತದೆ. ಎರಡನ್ನು ತೆಗೆದುಹಾಕಿದರೆ ಒಂದೂವರೆ ಅಂಕ. ಅಂದರೆ ಎರಡರ ನಡುವೆ ಅನುಮಾನ ಇರುವ ಪ್ರಶ್ನೆಯನ್ನು ‘ಮೈನಸ್ ಆದೀತು’ ಅಂತ ಹೆದರಿ ಬಿಡುವವರು ಪ್ರತಿ ಸಲ ಒಂದೂವರೆ ಅಂಕ ಬಿಟ್ಟು ಬರುತ್ತಾರೆ. ಒಂದು ಸೆಕ್ಷನ್‌ನಲ್ಲಿ ಇಂಥವು ಆರು ಇದ್ದರೆ ಎಷ್ಟಾಯಿತು ನೋಡಿ.

ಈಗ ಉದ್ದದ ಪ್ರಶ್ನೆಗಳ ವಿಷಯ. ನನ್ನ ಮಟ್ಟಿಗೆ ಅತಿ ಮುಖ್ಯವಾದದ್ದು ಇದು. ಮಳೆಗಾಲದಲ್ಲಿ ನಮ್ಮ ಕ್ಯಾಶುವಾಲ್ಟಿಗೆ ಬರುವ ರೋಗಿಯನ್ನೇ ಪ್ರಶ್ನೆ ಮಾಡೋಣ. ಕಾಫಿ ತೋಟದಲ್ಲಿ ಕೆಲಸ ಮಾಡುವ 35 ವರ್ಷದ ಗಂಡಸು. ಐದು ದಿನದಿಂದ ಜ್ವರ, ಮೀನಖಂಡದಲ್ಲಿ ವಿಪರೀತ ನೋವು, ಕಣ್ಣು ಕೆಂಪಾಗಿದೆ, ಕೀವಿಲ್ಲ, ಈಗ ಕಾಮಾಲೆ ಶುರುವಾಗಿದೆ, ಮೂತ್ರ ಕಡಿಮೆಯಾಗಿದೆ. ಇಷ್ಟು ಓದುವಾಗಲೇ ಮಡಿಕೇರಿಯ ಇಂಟರ್ನ್ ‘ಲೆಪ್ಟೋಸ್ಪೈರೋಸಿಸ್’ (ಇಲಿಜ್ವರ) ಅಂದುಬಿಡುತ್ತಾನೆ. ಸರಿಯೇ. ಆದರೆ ಪ್ರಶ್ನೆ ರೋಗದ ಹೆಸರು ಕೇಳಿಯೇ ಇಲ್ಲ! ಕೊನೆಯ ಸಾಲು ‘ಈ ಹಂತದಲ್ಲಿ ಯಾವ ಮಾದರಿಯಲ್ಲಿ ರೋಗಾಣು ಸಿಗುವ ಸಾಧ್ಯತೆ ಜಾಸ್ತಿ’ ಅಂತಿದ್ದರೆ ಉತ್ತರ ರಕ್ತ, ಯಾಕೆಂದರೆ ಇನ್ನೂ ಮೊದಲ ವಾರ. ‘ಐದು ದಿನ’ದ ಜಾಗದಲ್ಲಿ ‘ಹನ್ನೆರಡು ದಿನ’ ಅಂತಿದ್ದರೆ ಮೂತ್ರದ ಕಡೆ ನೋಡಬೇಕು. ಕೊನೆಯ ಸಾಲು ‘ಯಾವ ಔಷಧ’ ಅಂತಿದ್ದರೆ ಡಾಕ್ಸಿಸೈಕ್ಲಿನ್ ಅಂತ ಕೈ ಓಡುತ್ತದೆ, ಅದು ಸೌಮ್ಯ ಕಾಯಿಲೆಗೆ. ಕಾಮಾಲೆ ಬಂದು ಮೂತ್ರಪಿಂಡಕ್ಕೂ ಹತ್ತಿದ ಮೇಲೆ ರಕ್ತನಾಳದ ಮೂಲಕ ಪೆನಿಸಿಲಿನ್ ಅಥವಾ ಸೆಫ್ಟ್ರಿಯಾಕ್ಸೋನ್. ಸ್ಟೆಮ್ (ರೋಗಿಯ ವಿವರ ಹೇಳುವ ಪ್ರಶ್ನೆಯ ಭಾಗ) ಹೆಚ್ಚುಕಡಿಮೆ ಒಂದೇ, ಉತ್ತರ ಮೂರು.

ಅದಕ್ಕೇ ಕೊನೆಯ ಸಾಲನ್ನು ಮೊದಲು ಓದಿ ಅಂತ ಹೇಳುವುದು. ಏನು ಕೇಳಿದ್ದಾರೆ ಅಂತ ಗೊತ್ತಾದ ಮೇಲೆ ಮೇಲಿನಿಂದ ಓದಿದರೆ, ‘ಐದು ದಿನ’ ಅನ್ನುವ ಪದದ ಮೇಲೆ ಕಣ್ಣು ತಾನಾಗಿಯೇ ನಿಲ್ಲುತ್ತದೆ. ಕಾಗದದ ಮೇಲಾದರೆ ಪೆನ್ನಿನಲ್ಲಿ ಅಡಿಗೆರೆ ಎಳೆಯುತ್ತಿದ್ದೆವು. ಪರದೆಯಲ್ಲಿ ಆ ಸೌಕರ್ಯ ಇಲ್ಲ, ಕಣ್ಣಿಗೇ ಆ ಕೆಲಸ ಕಲಿಸಬೇಕು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ನನ್ನದೊಂದು ಒತ್ತಾಯದ ಮಾತು. ಈ ಪರೀಕ್ಷೆ ಇಂಗ್ಲಿಷ್‌ನಲ್ಲಿ ಮಾತ್ರ ಇರುತ್ತದೆ. ನಿಮ್ಮ ಜ್ಞಾನ ಯಾರಿಗೂ ಕಡಿಮೆ ಇರುವುದಿಲ್ಲ, ಆದರೆ ಆರು ಸಾಲಿನ ಸ್ಟೆಮ್ ಓದಲು ಪಕ್ಕದವರಿಗಿಂತ ಹತ್ತು ಸೆಕೆಂಡ್ ಜಾಸ್ತಿ ಹಿಡಿಯಬಹುದು. ದಿನಕ್ಕೆ ಹತ್ತು ಉದ್ದದ ಸ್ಟೆಮ್‌ಗಳನ್ನು ಉತ್ತರದ ಗೊಡವೆ ಇಲ್ಲದೆ ಸುಮ್ನೆ ಓದಿ, ‘ಏನು ಕೇಳಿದ್ದಾರೆ’ ಅಂತ ಒಂದು ವಾಕ್ಯದಲ್ಲಿ ಹೇಳಿಕೊಳ್ಳಿ. ಕನ್ನಡದಲ್ಲೇ ಹೇಳಿಕೊಳ್ಳಿ, ಪರವಾಗಿಲ್ಲ.

ವಾರ್ಡ್ ಡ್ಯೂಟಿಯನ್ನು ಓದಿನ ಶತ್ರು ಅಂದುಕೊಳ್ಳಬೇಡಿ. ತೋಟದಲ್ಲಿ ಹಾವು ಕಚ್ಚಿಸಿಕೊಂಡು ಬಂದವರನ್ನು ನೋಡಿದ ಇಂಟರ್ನ್‌ಗೆ, ನಮ್ಮ ದೇಶದ ಪಾಲಿವೇಲೆಂಟ್ ಆಂಟಿವೆನಮ್ (ಹಲವು ಹಾವುಗಳ ವಿಷಕ್ಕೆ ಒಂದೇ ಪ್ರತಿವಿಷ) ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ತಯಾರಾದದ್ದು, ಪಶ್ಚಿಮ ಘಟ್ಟದ ಹಂಪ್‌ನೋಸ್ಡ್ ಪಿಟ್ ವೈಪರ್ ಅನ್ನುವ ಹಾವಿಗೆ ಅದು ಆಗಿಬರುವುದಿಲ್ಲ ಅನ್ನುವುದು ಪುಸ್ತಕದ ಸಾಲಾಗಿ ಉಳಿಯುವುದಿಲ್ಲ. ಒಬ್ಬ ರೋಗಿಯ ಮುಖದ ಜೊತೆ ನೆನಪಿರುತ್ತದೆ. ಡ್ಯೂಟಿ ಮುಗಿಸಿ ಬಂದು ಅವತ್ತು ನೋಡಿದ ಒಂದು ಕೇಸಿನ ಮೇಲೆ ಐದು ಪ್ರಶ್ನೆ ಹುಡುಕಿ ಮಾಡಿ.

ಮೊಬೈಲ್ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಇವತ್ತಿನ ಪ್ರಶ್ನೆ ಬ್ಯಾಂಕ್‌ಗಳೆಲ್ಲ ಮೊಬೈಲಿನಲ್ಲಿವೆ. ಬಸ್ಸಿನಲ್ಲಿ, ಕ್ಯಾಂಟೀನ್‌ನಲ್ಲಿ, ಮಲಗುವ ಮುಂಚೆ ಹೆಬ್ಬೆರಳಲ್ಲಿ ಒತ್ತುತ್ತಾ ಹೋಗುತ್ತೀರಿ. ಓದಿಗೆ ಅದು ಒಳ್ಳೆಯದೇ. ಪರೀಕ್ಷೆಯ ಅಭ್ಯಾಸ ಅಂತ ಅದನ್ನು ಎಣಿಸಬೇಡಿ. ಸ್ಲೈಡ್, ಎಕ್ಸ್‌ರೇ, ಇಸಿಜಿ, ಚರ್ಮದ ಗುಳ್ಳೆ, ಕಣ್ಣಿನ ಫಂಡಸ್ (ಒಳಭಾಗದ ಹಿಂಬದಿ), ಇವೆಲ್ಲ ಚಿತ್ರದ ಪ್ರಶ್ನೆಗಳಾಗಿ ಬರುತ್ತವೆ. ಮೊಬೈಲಿನಲ್ಲಿ ಎರಡು ಬೆರಳಿಂದ ಹಿಗ್ಗಿಸಿ ನೋಡಿ ರೂಢಿಯಾದವರು ಡೆಸ್ಕ್‌ಟಾಪ್ ಮುಂದೆ ಕೂತಾಗ ತಡವರಿಸುವುದನ್ನು ಕಣ್ಣಾರೆ ನೋಡಿದ್ದೇನೆ. ಪ್ರಶ್ನೆ ಎಡಗಡೆ, ಪ್ರಶ್ನೆ ಸಂಖ್ಯೆಗಳ ಪಟ್ಟಿ ಇನ್ನೊಂದು ಕಡೆ, ಮೇಲೆ ಇಳಿಯುತ್ತಿರುವ ಗಡಿಯಾರ. ಇದಕ್ಕೆ ಕಣ್ಣು ಒಗ್ಗಬೇಕು. ಲ್ಯಾಪ್‌ಟಾಪ್ ಇಲ್ಲದವರು ಕಾಲೇಜಿನ ಲೈಬ್ರರಿಯ ಕಂಪ್ಯೂಟರ್ ಬಳಸಿ, ಇಲ್ಲವೇ ವಾರಕ್ಕೆ ಎರಡು ಸಲ ಪೇಟೆಯ ಸೈಬರ್ ಸೆಂಟರ್‌ನಲ್ಲಿ ಒಂದು ಗಂಟೆ ಕೂರಿ. ಪರೀಕ್ಷೆಗೆ ಮುಂಚೆ ಮಂಡಳಿಯ ವೆಬ್‌ಸೈಟಿನಲ್ಲಿ ಡೆಮೊ ಟೆಸ್ಟ್ ಹಾಕುತ್ತಾರೆ. ಯಾವ ಬಣ್ಣಕ್ಕೆ ಏನರ್ಥ, ಯಾವ ಬಟನ್ ಒತ್ತಿದರೆ ಉತ್ತರ ಸೇವ್ ಆಗುತ್ತದೆ ಅನ್ನುವುದು ಅಲ್ಲೇ ಕೈಗೆ ಬರಬೇಕು.

ಇನ್ನು ನಮ್ಮ ಮಳೆ, ನಮ್ಮ ಕರೆಂಟು. 2024ರ ಪರೀಕ್ಷೆ ಆಗಸ್ಟ್ 11ಕ್ಕೆ ನಡೆಯಿತು. 2025ರದ್ದು ಆಗಸ್ಟ್ 3ಕ್ಕೆ, ಸುಪ್ರೀಂ ಕೋರ್ಟ್ ಆದೇಶದಂತೆ ಒಂದೇ ಪಾಳಿಯಲ್ಲಿ, ಬೆಳಗ್ಗೆ 9ರಿಂದ 12.30ರ ತನಕ. ಆಗಸ್ಟ್ 3 ಅಂದರೆ ನಮ್ಮ ಕೊಡಗಿನಲ್ಲಿ ಕಕ್ಕಡ ಪದಿನೆಟ್ಟ್ (ಕಕ್ಕಡ ತಿಂಗಳ ಹದಿನೆಂಟನೇ ದಿನ), ಮನೆಮನೆಯಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುವ ದಿನ, ಮಳೆ ಬಿಡದೆ ಹೊಡೆಯುವ ಕಾಲ. ಬೆಂಗಳೂರಿನ ಅಭ್ಯರ್ಥಿಗೆ ಕೊನೆಯ ಎರಡು ತಿಂಗಳು ಮಾಕ್‌ಗಳ ಕಾಲ. ನಮ್ಮಲ್ಲಿ ಅದೇ ಜೂನ್, ಜುಲೈನಲ್ಲಿ ಮರ ಬಿದ್ದು ಲೈನ್ ಹೋಗುತ್ತದೆ, ನೆಟ್‌ವರ್ಕ್ ಹಿಂದೆಯೇ ಹೋಗುತ್ತದೆ. ಆದ್ದರಿಂದ ಕೊಡಗಿನಲ್ಲಿ ಓದುವವರು ಪೂರ್ತಿ 200ರ ಮಾಕ್‌ಗಳ ದೊಡ್ಡ ಪಾಲನ್ನು ಮೇ ಮುಗಿಯುವುದರೊಳಗೆ ಮಾಡಿಟ್ಟುಕೊಳ್ಳಬೇಕು ಅಂತ ನಾನು ಹೇಳುತ್ತೇನೆ. ಮಳೆ ಹಿಡಿದ ಮೇಲೆ 42 ನಿಮಿಷದ ಸೆಕ್ಷನ್‌ಗಳನ್ನು ಮಾಡಿ. ಲ್ಯಾಪ್‌ಟಾಪ್ ಬ್ಯಾಟರಿ ಅಷ್ಟು ಹೊತ್ತು ತಡೆಯುತ್ತದೆ. ಕರೆಂಟ್ ಇದ್ದಾಗಲೇ ಪ್ರಶ್ನೆಗಳನ್ನು ಇಳಿಸಿಟ್ಟುಕೊಳ್ಳಿ. ಏನೂ ಆಗಲಿಲ್ಲ ಅಂದರೆ 40 ಪ್ರಶ್ನೆಗಳ ಪ್ರಿಂಟ್ ಇಟ್ಟುಕೊಂಡು ಗಡಿಯಾರ ನೋಡಿ ಮಾಡಿ. ಪರದೆ ಸಿಗದಿದ್ದರೂ ಸಮಯದ ಅಭ್ಯಾಸ ತಪ್ಪಬಾರದು.

ಬೆಳಗ್ಗೆ 9ರ ಪರೀಕ್ಷೆಗೆ ತಲೆ ಬೆಳಗ್ಗೆ 9ಕ್ಕೆ ಓಡಬೇಕು, ಅಲ್ವಾ? ರಾತ್ರಿ ಎರಡರ ತನಕ ಓದಿ ಹತ್ತಕ್ಕೆ ಏಳುವವರು ಕೊನೆಯ ಮೂರು ವಾರದಲ್ಲಾದರೂ ಇದನ್ನು ತಿರುಗಿಸಿಕೊಳ್ಳಿ. ನೈಟ್ ಡ್ಯೂಟಿ ಇದ್ದರೆ ಜೊತೆಯವರ ಹತ್ತಿರ ಮೊದಲೇ ಮಾತಾಡಿ ಬದಲಾಯಿಸಿಕೊಳ್ಳಿ. ಕೊನೆಯ ವಾರ ಕೇಳಿದರೆ ಯಾರೂ ಒಪ್ಪುವುದಿಲ್ಲ, ಅವರೂ ಅದೇ ಪರೀಕ್ಷೆಗೆ ಕೂರುವವರು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿದ್ದು ಓದುವ ವೈದ್ಯರ ಕಷ್ಟ ಇನ್ನೂ ಜಾಸ್ತಿ. ಅವರಿಗೆ ಒಪಿಡಿ ಶುರುವಾಗುವ ಮುಂಚಿನ ಒಂದು ಸೆಕ್ಷನ್ ದಿನದ ಅತಿ ಬೆಲೆಯ ಹೊತ್ತು. ರಾತ್ರಿ ದಣಿದು ಕೂತು ಮಾಡುವ ಮೂರು ಸೆಕ್ಷನ್‌ಗಿಂತ ಅದು ಮೇಲು.

ಮಾಕ್ ಮುಗಿದ ಮೇಲೆ ಬರೀ ಅಂಕ ನೋಡಿ ಮುಚ್ಚಿಡುವವರೇ ಹೆಚ್ಚು. ತಪ್ಪಾದ ಒಂದೊಂದು ಪ್ರಶ್ನೆಯ ಪಕ್ಕ ಯಾಕೆ ತಪ್ಪಾಯಿತು ಅಂತ ಎರಡೇ ಪದ ಬರೆಯಿರಿ: ‘ಗೊತ್ತಿರಲಿಲ್ಲ’, ‘ಎಕ್ಸೆಪ್ಟ್ ನೋಡಲಿಲ್ಲ’ (ಪ್ರಶ್ನೆಯಲ್ಲಿದ್ದ ‘ಇದನ್ನು ಬಿಟ್ಟು’ ಅನ್ನುವ ಪದ), ‘ಸರಿಯಿದ್ದದ್ದನ್ನು ಬದಲಾಯಿಸಿದೆ’, ‘ಟೈಮ್ ಸಿಗಲಿಲ್ಲ’. ಹತ್ತು ಸೆಕ್ಷನ್ ಆಗುವಷ್ಟರಲ್ಲಿ ನಿಮ್ಮ ಕಾಯಿಲೆ ಯಾವುದು ಅಂತ ನಿಮಗೇ ಕಾಣುತ್ತದೆ. ‘ಗೊತ್ತಿರಲಿಲ್ಲ’ ಜಾಸ್ತಿ ಇದ್ದರೆ ಪುಸ್ತಕಕ್ಕೆ ಹೋಗಿ. ಉಳಿದ ಮೂರಕ್ಕೆ ಪುಸ್ತಕ ಮದ್ದಲ್ಲ. ಇನ್ನೊಂದನ್ನು ಗಮನಿಸಿ: ಒಂದು ಸೆಕ್ಷನ್ ಕೆಟ್ಟರೆ ಮುಂದಿನದರ ಮೊದಲ ಹತ್ತು ಪ್ರಶ್ನೆಗಳಲ್ಲಿ ತಪ್ಪು ಹೆಚ್ಚುತ್ತದಾ? ಮುಚ್ಚಿಹೋದ ಪ್ರಶ್ನೆ ಇನ್ನೂ ತಲೆಯಲ್ಲಿ ಸುತ್ತುತ್ತಿರುತ್ತದೆ. ಹೊಸ ಸೆಕ್ಷನ್ ತೆರೆದ ಕೂಡಲೇ ಕಣ್ಣು ಮುಚ್ಚಿ ಮೂರು ಸಲ ದೀರ್ಘವಾಗಿ ಉಸಿರು ಬಿಟ್ಟು ಶುರುಮಾಡುವುದನ್ನು ಮಾಕ್‌ನಲ್ಲೇ ರೂಢಿ ಮಾಡಿಕೊಳ್ಳಿ. ಹದಿನೈದು ಸೆಕೆಂಡ್ ಹೋಗುತ್ತದೆ, ಹೋಗಲಿ.

ಪ್ರಯಾಣದ ವಿಷಯ ಮನೆಯವರೂ ಓದಲಿ. ನಮ್ಮ ಜಿಲ್ಲೆಗೆ ರೈಲಿಲ್ಲ, ರಸ್ತೆಯೇ ಗತಿ. ಮಂಗಳೂರಿನಲ್ಲಿ ಸೆಂಟರ್ ಬಿದ್ದರೆ ಸಂಪಾಜೆ ಘಾಟಿ ಇಳಿಯಬೇಕು. 2018ರ ಆಗಸ್ಟ್‌ನಲ್ಲಿ ಅದೇ ದಾರಿ ಗುಡ್ಡ ಕುಸಿದು ಬಂದ್ ಆದದ್ದು ಯಾರಿಗೂ ಮರೆತಿಲ್ಲ. ಮೈಸೂರಾದರೆ ಕುಶಾಲನಗರ, ಹುಣಸೂರು ಮೇಲೆ ಸುಮಾರು 120 ಕಿಲೋಮೀಟರ್. ಬೆಳಗಿನ ಜಾವ ಹೊರಟು 9ಕ್ಕೆ ಪರೀಕ್ಷೆ ಬರೆಯುವ ಯೋಚನೆ ಬೇಡ. ಮೈಸೂರಿಗಾದರೆ ಹಿಂದಿನ ದಿನ ಮಧ್ಯಾಹ್ನದೊಳಗೆ, ಘಾಟಿ ಇಳಿಯುವುದಾದರೆ ಎರಡು ದಿನ ಮುಂಚೆ ಹೊರಡಿ. ಸಂಜೆ ಸೆಂಟರ್ ಎಲ್ಲಿದೆ ಅಂತ ಒಮ್ಮೆ ನೋಡಿ ಬನ್ನಿ. ಪಾಯಸವನ್ನು ಮಾರನೇ ದಿನಕ್ಕೆ ಎತ್ತಿಟ್ಟರೆ ಮನೆಯಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಏಮ್ಸ್, ಜಿಪ್ಮರ್, ನಿಮ್ಹಾನ್ಸ್‌ನಂಥ ಸಂಸ್ಥೆಗಳ ಪ್ರತ್ಯೇಕ ಪಿಜಿ ಪ್ರವೇಶ ಪರೀಕ್ಷೆಯಾದ ಐಎನ್‌ಐ ಸಿಇಟಿಗೂ ಕೂರುವವರು ಒಂದು ವ್ಯತ್ಯಾಸ ತಿಳಿದಿರಬೇಕು. ಅದೂ ಕಂಪ್ಯೂಟರ್ ಪರೀಕ್ಷೆ, ಅಲ್ಲೂ 200 ಪ್ರಶ್ನೆ, ಆದರೆ ಮೂರೇ ಗಂಟೆ. ಸರಿಗೆ ಒಂದು ಅಂಕ, ತಪ್ಪಿಗೆ ಮೂರನೇ ಒಂದು ಭಾಗ ಕಡಿತ. ಕಣ್ಣುಮುಚ್ಚಿ ಒತ್ತಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ, ಸರಿಯಾಗಿ ಸೊನ್ನೆ. ಒಂದು ಆಯ್ಕೆಯನ್ನಾದರೂ ಖಚಿತವಾಗಿ ತೆಗೆದುಹಾಕಿದ ಮೇಲಷ್ಟೇ ಊಹೆಗೆ ಅರ್ಥ. ಆಗಸ್ಟ್‌ನಲ್ಲಿ ನೀಟ್ ಪಿಜಿ ಬರೆದು ನವೆಂಬರ್‌ನಲ್ಲಿ ಇದಕ್ಕೆ ಕೂರುವವರು ನಡುವಿನ ಮಾಕ್‌ಗಳನ್ನೆಲ್ಲ ಹೊಸ ಅಂಕದ ಲೆಕ್ಕದಲ್ಲೇ, ಪ್ರಶ್ನೆಗೆ 54 ಸೆಕೆಂಡ್ ಇಟ್ಟುಕೊಂಡು ಮಾಡಿ.