ಮೂತಿ ಬಗ್ಗಿಸುವ ವಿಮಾನ, ಮುಳುಗಿ ಎದ್ದ ಹಡಗು

ಜರ್ಮನಿಯ ಸಿನ್ಸ್‌ಹೈಮ್ ಎಂಬ ಊರಿನ ಪಕ್ಕದ ಹೆದ್ದಾರಿಯಲ್ಲಿ ಹೋಗುವವರಿಗೆ ಒಂದು ವಿಚಿತ್ರ ನೋಟ ಕಾಣುತ್ತದೆ. ತಂತ್ರಜ್ಞಾನ ಮ್ಯೂಸಿಯಮ್ಮೊಂದರ ಕಟ್ಟಡಗಳ ಮೇಲೆ ಎರಡು ಬಿಳಿ ವಿಮಾನಗಳು, ಆಗ ತಾನೇ ನೆಲ ಬಿಟ್ಟು ಏಳುತ್ತಿರುವ ಭಂಗಿಯಲ್ಲಿ ಮೂತಿ ಎತ್ತಿ ನಿಂತಿವೆ. ಒಂದು ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ಮಾಡಿದ ಕಾಂಕಾರ್ಡ್. ಇನ್ನೊಂದು ಸೋವಿಯತ್ ಒಕ್ಕೂಟದ ಟಿಯು-144. ಶಬ್ದಕ್ಕಿಂತ ವೇಗವಾಗಿ ಹಾರುತ್ತಾ ಪ್ರಯಾಣಿಕರ ಸೇವೆ ನಡೆಸಿದ ವಿಮಾನಗಳು ಇವೆರಡೇ. ಎರಡೂ ಒಟ್ಟಿಗೆ ನೋಡಲು ಸಿಗುವುದು ಈ ಮ್ಯೂಸಿಯಮ್ಮಿನಲ್ಲಿ ಮಾತ್ರ. ಮೆಟ್ಟಿಲು ಹತ್ತಿ ಎರಡರ ಒಳಗೂ ಹೋಗಬಹುದು.

ಹೆಚ್ಚಿನವರು ಹತ್ತುತ್ತಾರೆ, ಫೋಟೊ ತೆಗೆಯುತ್ತಾರೆ, ಇಳಿಯುತ್ತಾರೆ. ಕೆಳಗೆ ನಿಂತು ಎರಡನ್ನೂ ಹೋಲಿಸಿ ನೋಡುವವರು ಕಡಿಮೆ. ನಿಜವಾದ ಮಜಾ ಇರುವುದು ಅಲ್ಲೇ.

ಮೊದಲ ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ. ಅದಕ್ಕೇ ಟಿಯು-144ಕ್ಕೆ 'ಕಾಂಕಾರ್ಡ್‌ಸ್ಕಿ' ಎಂಬ ಅಡ್ಡಹೆಸರು ಬಿತ್ತು, ನಕಲು ಹೊಡೆದಿದ್ದಾರೆ ಎಂಬ ಕುಹಕ ಅದರಲ್ಲಿತ್ತು. ಗೂಢಚಾರಿಕೆ ನಡೆದದ್ದು ಹೌದು. ಆದರೆ ಹೋಲಿಕೆಗೆ ಅದಷ್ಟೇ ಕಾರಣವಲ್ಲ. ಶಬ್ದದ ಎರಡು ಪಟ್ಟು ವೇಗಕ್ಕೆ ಹೋಗಬೇಕಾದರೆ ತೆಳ್ಳಗಿನ, ತ್ರಿಕೋನಾಕಾರದ ರೆಕ್ಕೆ ಬೇಕು. ಅಂಥ ರೆಕ್ಕೆ ನಿಧಾನಕ್ಕೆ ಹಾರುವಾಗ ಸಾಕಷ್ಟು ಎತ್ತುಬಲ ಕೊಡುವುದಿಲ್ಲ. ಹಾಗಾಗಿ ಇಳಿಯುವಾಗ ವಿಮಾನ ಮೂತಿಯನ್ನು ತುಂಬಾ ಮೇಲೆತ್ತಿಕೊಂಡು ಬರಬೇಕು. ಆಗ ಆ ಉದ್ದ ಮೂತಿಯೇ ಅಡ್ಡ ಬಂದು ಪೈಲಟ್‌ಗೆ ರನ್‌ವೇ ಕಾಣುವುದಿಲ್ಲ! ಅದಕ್ಕೆ ಎರಡೂ ಕಡೆಯ ಎಂಜಿನಿಯರುಗಳು ಮೂತಿಯನ್ನೇ ಕೆಳಗೆ ಬಗ್ಗುವಂತೆ ಮಾಡಿದರು. ಗಾಳಿಯ ನಿಯಮ ಎರಡು ದೇಶಕ್ಕೆ ಎರಡು ಇರುವುದಿಲ್ಲವಲ್ಲ.

ಇನ್ನು ವ್ಯತ್ಯಾಸ ಹುಡುಕಿ. ಟಿಯು-144ರ ಕಾಕ್‌ಪಿಟ್ ಹಿಂದೆ, ಎರಡೂ ಬದಿಗೆ ಪುಟ್ಟ ರೆಕ್ಕೆಗಳಿವೆ. ಏರುವಾಗ ಮತ್ತು ಇಳಿಯುವಾಗ ಮಾತ್ರ ಇವು ಹೊರಗೆ ಚಾಚಿಕೊಳ್ಳುತ್ತಿದ್ದವು, ಆಮೇಲೆ ಮಡಚಿ ಕೂರುತ್ತಿದ್ದವು. ನಿಧಾನ ವೇಗದಲ್ಲಿ ಮುಂಭಾಗವನ್ನು ಎತ್ತಿ ಹಿಡಿಯುವುದು ಅವುಗಳ ಕೆಲಸ. ಕಾಂಕಾರ್ಡ್‌ನಲ್ಲಿ ಅವಿಲ್ಲ. ಅದರ ರೆಕ್ಕೆಯ ಮುಂದಿನ ಅಂಚು ನೋಡಿ, ನೇರವಾಗಿಲ್ಲ. ನಾಜೂಕಾಗಿ ಬಾಗಿದೆ. ಆ ಬಾಗಿನ ಮೇಲೆ ಗಾಳಿ ಸುಳಿಯಾಗಿ ಸುತ್ತಿ, ನಿಧಾನ ವೇಗದಲ್ಲೂ ಎತ್ತುಬಲ ಕೊಡುತ್ತದೆ. ಒಂದೇ ತೊಂದರೆಗೆ ಒಬ್ಬರು ಹೊಸ ಭಾಗ ಸೇರಿಸಿದರು, ಇನ್ನೊಬ್ಬರು ಇರುವ ಭಾಗವನ್ನೇ ತಿದ್ದಿದರು. 1968ರ ಡಿಸೆಂಬರ್ 31ರಂದು ಮೊದಲು ಹಾರಿದ್ದು ಟಿಯು-144. ಆದರೆ ಪ್ರಯಾಣಿಕರನ್ನು ಹೊತ್ತು ಅದು ಮಾಡಿದ್ದು ಬರೀ 55 ಹಾರಾಟ. ಕಾಂಕಾರ್ಡ್ 1976ರಿಂದ 2003ರವರೆಗೂ ಓಡಿತು.

ವಿದೇಶಕ್ಕೆ ಹೋದಾಗ ಸಾರಿಗೆ ಮತ್ತು ತಂತ್ರಜ್ಞಾನದ ಮ್ಯೂಸಿಯಂಗಳಿಗೆ ಹೋಗುವವರಿಗೆ ನಾನು ಹೇಳುವುದು ಇಷ್ಟೇ: ದಾಖಲೆ ಮಾಡಿದ ಯಂತ್ರ ಯಾವುದು ಎಂದು ಹುಡುಕಬೇಡಿ. ಯಂತ್ರಕ್ಕೆ ಆ ಆಕಾರ ಯಾಕೆ ಬಂತು, ಎಲ್ಲಿ ಕೈಕೊಟ್ಟಿತು, ಎಲ್ಲಿ ತೇಪೆ ಹಾಕಿದರು ಎಂದು ನೋಡಿ.

ಜಪಾನಿನ ಬುಲೆಟ್ ರೈಲುಗಳನ್ನೇ ತೆಗೆದುಕೊಳ್ಳಿ. ಕ್ಯೋಟೊ ರೈಲ್ವೆ ಮ್ಯೂಸಿಯಮ್ಮಿನಲ್ಲಿ 500 ಸರಣಿಯ ಶಿಂಕಾನ್‌ಸೆನ್‌ನ ಮುಂದಿನ ಬೋಗಿ ಇದೆ. ಅದರ ಚೂಪು ಮೂತಿಗೆ ಮಿಂಚುಳ್ಳಿಯ ಕೊಕ್ಕು ಸ್ಫೂರ್ತಿ ಎಂಬ ಕಥೆ ಎಲ್ಲರಿಗೂ ಗೊತ್ತು. ಅದನ್ನು ರೂಪಿಸಿದ ತಂಡದ ಎಂಜಿನಿಯರ್ ಏಜಿ ನಕಾತ್ಸು ಪಕ್ಷಿವೀಕ್ಷಕರೂ ಹೌದು. ಆದರೆ ಹಕ್ಕಿಯ ಕಥೆ ಕೇಳಿ ಅಲ್ಲಿಗೇ ನಿಲ್ಲಿಸಬೇಡಿ. ರೈಲು ವೇಗವಾಗಿ ಸುರಂಗಕ್ಕೆ ನುಗ್ಗಿದಾಗ ಮುಂದಿನ ಗಾಳಿಯನ್ನು ಒಮ್ಮೆಗೇ ಒತ್ತುತ್ತದೆ. ಆ ಒತ್ತಡದ ಅಲೆ ಶಬ್ದದ ವೇಗದಲ್ಲಿ ಓಡಿ ಸುರಂಗದ ಆಚೆ ತುದಿಯಲ್ಲಿ 'ಢಂ' ಎಂದು ಹೊರಬೀಳುತ್ತದೆ. ಅಕ್ಕಪಕ್ಕದ ಮನೆಯವರ ನಿದ್ದೆ ಹಾಳು. ಮೂತಿ ಉದ್ದವಾಗಿ, ಸ್ವಲ್ಪ ಸ್ವಲ್ಪವೇ ದಪ್ಪವಾಗುತ್ತಾ ಹೋದರೆ ಗಾಳಿಯ ಮೇಲಿನ ಒತ್ತಡವೂ ನಿಧಾನಕ್ಕೆ ಏರುತ್ತದೆ. ಹಾಗಾಗಿ 15 ಮೀಟರ್ ಉದ್ದದ ಮೂತಿ. ಅಷ್ಟು ಜಾಗ ಮೂತಿಗೇ ಹೋದರೆ ಸೀಟುಗಳಿಗೆ? ಕಡಿಮೆಯಾಯಿತು. ನಂತರದ 700 ಸರಣಿಯಲ್ಲಿ ಮೂತಿ ಗಿಡ್ಡವಾಗಿ, ಅಗಲವಾಗಿ ಬಂದದ್ದಕ್ಕೆ ಇಂಥ ಲೆಕ್ಕಗಳೂ ಕಾರಣ.

ಹಳೆಯ ಉಗಿ ಎಂಜಿನ್‌ಗಳಲ್ಲಿ ಒಳಗಿನದು ಕಾಣುವುದೇ ಇಲ್ಲ. ಇಂಗ್ಲೆಂಡಿನ ಯಾರ್ಕ್‌ನಲ್ಲಿರುವ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂ ಇದಕ್ಕೆ ಒಳ್ಳೆಯ ಉಪಾಯ ಮಾಡಿದೆ. 'ಎಲರ್‌ಮನ್ ಲೈನ್ಸ್' ಎಂಬ ಇಡೀ ಎಂಜಿನ್ನನ್ನೇ ಉದ್ದಕ್ಕೆ ಸೀಳಿ ಇಟ್ಟಿದ್ದಾರೆ. ಬೆಂಕಿಗೂಡಿನಿಂದ ಹೊಗೆ ಕೊಳವೆಗಳ ಮೂಲಕ ಹೇಗೆ ಸಾಗುತ್ತದೆ, ಸುತ್ತಲ ನೀರು ಎಲ್ಲಿ ಕುದಿಯುತ್ತದೆ, ಪಿಸ್ಟನ್ ಎಲ್ಲಿದೆ, ಎಲ್ಲವೂ ಬಯಲು. ಅದೇ ಸಭಾಂಗಣದಲ್ಲಿ 'ಮಲ್ಲಾರ್ಡ್' ಕೂಡ ಇರುತ್ತದೆ. 1938ರ ಜುಲೈ 3ರಂದು ಗಂಟೆಗೆ 203 ಕಿ.ಮೀ. ಮುಟ್ಟಿ ಉಗಿ ಎಂಜಿನ್‌ಗಳ ದಾಖಲೆ ಬರೆದ ನೀಲಿ ಸುಂದರಿ. ಜನ ಅದರ ಸುತ್ತಲೇ ಜಾಸ್ತಿ. ನೀವು ಸೀಳಿದ ಎಂಜಿನ್ ಹತ್ತಿರ ನಿಲ್ಲಿ.

ಸ್ಟೀಫನ್‌ಸನ್‌ರ 'ರಾಕೆಟ್' ಎಂಬ ಉಗಿ ಎಂಜಿನ್ ನೋಡಿ ಬೇಜಾರು ಮಾಡಿಕೊಂಡವರೂ ಇದ್ದಾರೆ. ಪಠ್ಯಪುಸ್ತಕದಲ್ಲಿ ಹಳದಿ ಬಣ್ಣದಲ್ಲಿ ಹೊಳೆಯುವ ಎಂಜಿನ್, ಎದುರಿಗೆ ನೋಡಿದರೆ ಕಪ್ಪಗೆ, ಬೋಳಾಗಿ ನಿಂತಿದೆ. ಹೊಳೆಯುವುದು ಪ್ರತಿಕೃತಿ. ಕಪ್ಪಗಿರುವುದೇ ಅಸಲಿ. 1829ರ ಅಕ್ಟೋಬರಿನಲ್ಲಿ ರೇನ್‌ಹಿಲ್‌ನಲ್ಲಿ ನಡೆದ ರೈಲು ಎಂಜಿನ್‌ಗಳ ಸ್ಪರ್ಧೆಯಲ್ಲಿ ಗೆದ್ದಾಗ ರಾಕೆಟ್‌ನ ಸಿಲಿಂಡರ್‌ಗಳು ಓರೆಯಾಗಿ ಮೇಲೆ ಕೂತಿದ್ದವು. ಪಿಸ್ಟನ್ ಒತ್ತಿದಾಗಲೆಲ್ಲ ಎಂಜಿನ್ ಅಕ್ಕಪಕ್ಕ ವಾಲಾಡುತ್ತಿತ್ತು. ಕೆಲವೇ ವರ್ಷಗಳಲ್ಲಿ ಅವನ್ನು ಇಳಿಸಿ ಹೆಚ್ಚುಕಮ್ಮಿ ನೆಲಕ್ಕೆ ಸಮನಾಗಿ ಕೂರಿಸಿದರು. ಹಾಗಾಗಿ ಈಗ ಕಾಣುವ ರಾಕೆಟ್ ಸ್ಪರ್ಧೆಯ ದಿನದ್ದಲ್ಲ, ದುಡಿದು ತಿದ್ದಿಸಿಕೊಂಡದ್ದು.

ಫಲಕಗಳನ್ನೂ ಸ್ವಲ್ಪ ಅನುಮಾನದಿಂದ ಓದಬೇಕು. ರೈಟ್ ಸಹೋದರರ 1903ರ ವಿಮಾನ ಈಗ ವಾಷಿಂಗ್ಟನ್‌ನ ಸ್ಮಿತ್‌ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ಆದರೆ 1928ರಿಂದ 1948ರವರೆಗೆ ಅದು ಲಂಡನ್ನಿನಲ್ಲಿತ್ತು! ತನ್ನ ಹಿಂದಿನ ಮುಖ್ಯಸ್ಥ ಲ್ಯಾಂಗ್ಲಿಯವರ ಯಂತ್ರವೇ ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ವಿಮಾನ ಎಂದು ಸ್ಮಿತ್‌ಸೋನಿಯನ್ ವಾದಿಸುತ್ತಿತ್ತು. ಸಿಟ್ಟಾದ ಆರ್ವಿಲ್ ರೈಟ್ ತಮ್ಮ ವಿಮಾನವನ್ನು ಬ್ರಿಟನ್ನಿಗೆ ಕಳಿಸಿಬಿಟ್ಟರು. 1942ರಲ್ಲಿ ಸ್ಮಿತ್‌ಸೋನಿಯನ್ ತಪ್ಪೊಪ್ಪಿಕೊಂಡಿತು. ವಿಮಾನ ವಾಪಸ್ ಬಂದಾಗ ಒಂದು ಒಪ್ಪಂದವೂ ಆಯಿತು: ಇದಕ್ಕಿಂತ ಮೊದಲು ಬೇರೆ ಯಾವುದೋ ಯಂತ್ರ ಹಾರಿತ್ತು ಎಂದು ಮ್ಯೂಸಿಯಂ ಬರೆದರೆ, ವಿಮಾನ ರೈಟ್ ವಾರಸುದಾರರಿಗೆ ಮರಳುತ್ತದೆ. ಇತಿಹಾಸದ ಫಲಕಕ್ಕೆ ಕಾನೂನಿನ ಕಾವಲು! ರೈಟ್‌ರ ಹಕ್ಕು ಸುಳ್ಳು ಎಂದೇನೂ ಅಲ್ಲ. ಯಾವ ಫಲಕವನ್ನಾದರೂ ಯಾರೋ ಬರೆದಿರುತ್ತಾರೆ ಎಂಬುದು ನೆನಪಿರಲಿ.

ಒಂದೇ ಒಂದು ಮ್ಯೂಸಿಯಂ ನೋಡಲು ಸಮಯ ಇರುವುದಾದರೆ ಯಾವುದು ಎಂದು ಕೇಳಿದರೆ, ಸ್ಟಾಕ್‌ಹೋಮಿನ ವಾಸಾ ಮ್ಯೂಸಿಯಂ ಎನ್ನುತ್ತೇನೆ. ಅಲ್ಲಿರುವುದು ಒಂದೇ ಹಡಗು. ಅದೂ ಮೊದಲ ಯಾನದಲ್ಲೇ ಮುಳುಗಿದ್ದು.

1628ರ ಆಗಸ್ಟ್ 10ರಂದು, 64 ತೋಪುಗಳನ್ನು ಹೊತ್ತು ಹೊರಟ ಸ್ವೀಡನ್ ದೊರೆಯ ಯುದ್ಧನೌಕೆ ವಾಸಾ ಸುಮಾರು 1,300 ಮೀಟರ್ ಹೋಯಿತು. ಗಾಳಿ ಜೋರಾಗಿ ಬೀಸಿದಾಗ ಹಡಗು ಒಂದು ಬದಿಗೆ ವಾಲಿತು. ಕೆಳ ಅಂತಸ್ತಿನ ತೋಪಿನ ಕಿಟಕಿಗಳು ತೆರೆದಿದ್ದವು. ಅವುಗಳಿಂದ ನೀರು ನುಗ್ಗಿ, ದಡದಲ್ಲಿ ಜನ ನೋಡುತ್ತಿದ್ದಂತೆಯೇ ಮುಳುಗಿತು. ತೇಲುವ ವಸ್ತು ವಾಲಿದಾಗ ಅದು ಸರಿಸಿದ ನೀರಿನ ಆಕಾರ ಬದಲಾಗುತ್ತದೆ, ವಾಲಿದ ಕಡೆಯಿಂದ ನೀರು ಮೇಲಕ್ಕೆ ಒತ್ತಿ ಹಡಗನ್ನು ನೆಟ್ಟಗೆ ಮಾಡಲು ನೋಡುತ್ತದೆ. ಹಡಗಿನ ಭಾರ ಕೆಳಗಿದ್ದರೆ ಈ ಒತ್ತುವಿಕೆ ಗೆಲ್ಲುತ್ತದೆ. ಭಾರ ತೀರಾ ಮೇಲಿದ್ದರೆ ಭಾರವೇ ಗೆದ್ದು ಇನ್ನಷ್ಟು ವಾಲಿಸುತ್ತದೆ. ಪುಟ್ಟ ದೋಣಿಯಲ್ಲಿ ಎದ್ದು ನಿಂತವರಿಗೆ ಇದು ಕೂಡಲೇ ಗೊತ್ತಾಗುತ್ತದೆ.

ತೋಪುಗಳು ಜಾಸ್ತಿಯಾಗಿದ್ದೇ ಕಾರಣ ಎಂದು ಹಲವರು ಹೇಳುವುದುಂಟು. ಅದು ಅರ್ಧ ಸತ್ಯ. ತೋಪುಗಳಿಗಿಂತ ಅವನ್ನು ಹೊರಲು ಕಟ್ಟಿದ ಎರಡು ಅಂತಸ್ತಿನ ದಪ್ಪ ಮರದ ಮೇಲ್ಭಾಗವೇ ವಿಪರೀತ ಭಾರವಾಗಿತ್ತು. ಹಾಗಿದ್ದರೆ ತಳದಲ್ಲಿ ಇನ್ನಷ್ಟು ಕಲ್ಲು ತುಂಬಬಹುದಿತ್ತಲ್ವಾ? ತುಂಬಿದ್ದರೆ ಹಡಗು ಇನ್ನೂ ಕೆಳಗಿಳಿದು ತೋಪಿನ ಕಿಟಕಿಗಳೇ ನೀರಿನ ಮಟ್ಟಕ್ಕೆ ಬರುತ್ತಿದ್ದವು. ಅಂದರೆ ಕಟ್ಟಿ ಮುಗಿಸಿದ ಮೇಲೆ ಸರಿಪಡಿಸುವ ದಾರಿಯೇ ಇರಲಿಲ್ಲ. ಹೊರಡುವ ಮೊದಲು 30 ನಾವಿಕರನ್ನು ಹಡಗಿನ ಮೇಲೆ ಆ ಬದಿಯಿಂದ ಈ ಬದಿಗೆ ಓಡಿಸಿ ಪರೀಕ್ಷೆಯನ್ನೂ ಮಾಡಿದ್ದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಎಷ್ಟು ಹೊಯ್ದಾಡಿತೆಂದರೆ, ಮಗುಚೀತೆಂಬ ಭಯಕ್ಕೆ ಪರೀಕ್ಷೆಯನ್ನೇ ನಿಲ್ಲಿಸಿದರು. ಹಡಗನ್ನು ಮಾತ್ರ ನಿಲ್ಲಿಸಲಿಲ್ಲ. ದೊರೆಗೆ ಅವಸರವಿತ್ತು. ವಿಚಾರಣೆ ನಡೆಯಿತು, ಯಾರಿಗೂ ಶಿಕ್ಷೆಯಾಗಲಿಲ್ಲ.

ಹಡಗಿನೊಳಗೆ ಬಡಗಿಗಳ ಅಳತೆಕೋಲುಗಳು ಸಿಕ್ಕಿವೆ. ಕೆಲವು ಸ್ವೀಡನ್ನಿನ ಅಡಿಯವು, ಕೆಲವು ಆಮ್‌ಸ್ಟರ್‌ಡ್ಯಾಮಿನ ಅಡಿಯವು. ಎರಡರ ಉದ್ದ ಬೇರೆ ಬೇರೆ! ಹಡಗಿನ ಎಡ-ಬಲ ಬದಿಗಳೂ ಸಮವಾಗಿಲ್ಲ. ಮುಳುಗಿದ್ದಕ್ಕೆ ಅದೇ ಮುಖ್ಯ ಕಾರಣ ಅಲ್ಲದಿದ್ದರೂ, ಗಾಜಿನ ಪೆಟ್ಟಿಗೆಯಲ್ಲಿರುವ ಆ ಕೋಲುಗಳನ್ನು ನೋಡಿದರೆ ನಗುವೂ ಬರುತ್ತದೆ, ಪಾಪ ಅನಿಸುವುದೂ ಹೌದು.

333 ವರ್ಷ ನೀರಿನಡಿ ಇದ್ದ ಮರ ಉಳಿದದ್ದು ಹೇಗೆ? ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಿಮೆ. ಮರ ಕೊರೆದು ತಿನ್ನುವ ಹಡಗುಹುಳ ಅಲ್ಲಿ ಬದುಕುವುದಿಲ್ಲ. 1961ರಲ್ಲಿ ಮೇಲೆತ್ತಿದ ಮೇಲೆ ಹೊಸ ತೊಂದರೆ ಶುರುವಾಯಿತು. ನೀರು ತುಂಬಿದ ಮರ ಹಾಗೇ ಒಣಗಿದರೆ ಕುಗ್ಗಿ ಸೀಳುತ್ತದೆ. ಅದಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ರಾಸಾಯನಿಕವನ್ನು 17 ವರ್ಷ ಸಿಂಪಡಿಸಿ, ಮರದೊಳಗಿನ ನೀರಿನ ಜಾಗಕ್ಕೆ ಅದನ್ನು ತುಂಬಿಸಿದರು. ಕಥೆ ಅಲ್ಲಿಗೂ ಮುಗಿಯಲಿಲ್ಲ. 2000ದ ಮಳೆಗಾಲದಂಥ ಬೇಸಿಗೆಯಲ್ಲಿ ಒದ್ದೆ ಬಟ್ಟೆಯ ಪ್ರವಾಸಿಗರು ಗುಂಪುಗುಂಪಾಗಿ ಬಂದರು. ಒಳಗಿನ ತೇವ ಏರಿತು. ಮರದ ಮೇಲೆ ಬಿಳಿ, ಹಳದಿ ಪದರ ಮೂಡತೊಡಗಿತು. ಸಮುದ್ರದಡಿಯಲ್ಲಿ ಮರ ಹೀರಿಕೊಂಡಿದ್ದ ಗಂಧಕ ಆಮ್ಲವಾಗಿ ಬದಲಾಗುತ್ತಿತ್ತು. ಆಮೇಲೆ ಒಳಗಿನ ಹವೆಯನ್ನು ಹತೋಟಿಯಲ್ಲಿಡುವ ಹೊಸ ವ್ಯವಸ್ಥೆ ಬಂತು, ಕಬ್ಬಿಣದ ಬೋಲ್ಟುಗಳನ್ನು ತೆಗೆದು ತುಕ್ಕು ಹಿಡಿಯದ ಉಕ್ಕಿನವನ್ನು ಹಾಕಿದರು. ಅಲ್ಲಿ ಮಂದ ಬೆಳಕಿದೆ, ಚಳಿ ಎಂದು ಗೊಣಗುವವರಿಗೆ ಇದು ಉತ್ತರ.

ಹಳೆಯ ಯಂತ್ರವನ್ನು ಓಡಿಸಬೇಕೋ, ಸುಮ್ನೆ ಇಡಬೇಕೋ ಎಂಬುದು ಇಂಥ ಜಾಗಗಳ ನಿತ್ಯದ ಜಗಳ. ಓಡಿಸಿದರೆ ಭಾಗಗಳು ಸವೆಯುತ್ತವೆ, ಬದಲಿಸಿದಷ್ಟೂ ಅಸಲಿಯಾದದ್ದು ಕಡಿಮೆಯಾಗುತ್ತದೆ. ಲಂಡನ್ನಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ಜಾನ್ ಹ್ಯಾರಿಸನ್ನರ ಸಮುದ್ರ ಗಡಿಯಾರಗಳಿವೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ, ಹೊರಟ ಊರಿನ ಸಮಯ ನಿಖರವಾಗಿ ಗೊತ್ತಿದ್ದರೆ, ಅದನ್ನು ತಾನಿರುವ ಜಾಗದ ಸಮಯಕ್ಕೆ ಹೋಲಿಸಿ ನಾವಿಕ ತನ್ನ ರೇಖಾಂಶ ಲೆಕ್ಕ ಹಾಕಬಲ್ಲ. ನಾಲ್ಕು ನಿಮಿಷ ತಪ್ಪಿದರೆ ಒಂದು ಡಿಗ್ರಿ ತಪ್ಪು, ಅಂದರೆ ಸಮಭಾಜಕದ ಹತ್ತಿರ 111 ಕಿ.ಮೀ. ಅಲ್ಲಿನ ಎಚ್1, ಎಚ್2, ಎಚ್3 ದೊಡ್ಡ ಗಡಿಯಾರಗಳು ಈಗಲೂ ನಡೆಯುತ್ತವೆ. ಸಮುದ್ರದ ಪರೀಕ್ಷೆಯಲ್ಲಿ ಗೆದ್ದದ್ದು 1759ರ ಎಚ್4, ಅಂಗೈ ತುಂಬುವಷ್ಟು ದೊಡ್ಡ ಜೇಬುಗಡಿಯಾರದ ಥರದ್ದು. ಅದು ಮಾತ್ರ ನಿಂತಿದೆ. ಕೆಟ್ಟಿಲ್ಲ. ಅದಕ್ಕೆ ಎಣ್ಣೆ ಬೇಕು, ಎಣ್ಣೆ ಹಾಕಿ ಓಡಿಸಿದರೆ ಸವೆಯುತ್ತದೆ. ಹಾಗಾಗಿ ನಿಲ್ಲಿಸಿಟ್ಟಿದ್ದಾರೆ.

ಹೋಗುವವರಿಗೆ ಒಂದೆರಡು ಮಾತು. ಯುರೋಪಿನ ಹಲವು ಮ್ಯೂಸಿಯಂಗಳಿಗೆ ಸೋಮವಾರ ರಜೆ, ದಿನ ನೋಡಿಕೊಂಡು ಹೋಗಿ. ಲಂಡನ್ನಿನ ಸೈನ್ಸ್ ಮ್ಯೂಸಿಯಂ, ಯಾರ್ಕ್‌ನ ರೈಲ್ವೆ ಮ್ಯೂಸಿಯಂಗಳಿಗೆ ಪ್ರವೇಶ ಉಚಿತ. ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ಡೀಸೆಲ್‌ರ ಮೊದಲ ಎಂಜಿನ್, ಬೆನ್ಜ್‌ರ ಮೊದಲ ಕಾರು ಇರುವ ಸಂಗ್ರಹ ಅದು. ಎಲ್ಲ ಮಹಡಿ ಹತ್ತಿ ಕಾಲು ನೋಯಿಸಿಕೊಳ್ಳುವ ಬದಲು ಎರಡು ವಿಭಾಗ ಸಾಕು. ಸಿಮ್ಯುಲೇಟರ್ ಮುಂದಿನ ಉದ್ದ ಸಾಲು ನೋಡಿದರೆ ಮುಂದೆ ಹೋಗಿ, ಅವು ಎಲ್ಲಾ ಕಡೆ ಒಂದೇ ಥರ.

ಇನ್ನೊಂದು, ಅಲ್ಲಿನ ಸ್ವಯಂಸೇವಕರನ್ನು ಮಾತಾಡಿಸಿ. ಅವರಲ್ಲಿ ಹಲವರು ಇಂಥ ಯಂತ್ರಗಳ ಜೊತೆಗೇ ಕೆಲಸ ಮಾಡಿ ನಿವೃತ್ತರಾದವರು. ಇಂಗ್ಲೆಂಡಿನ ಬ್ಲೆಚ್‌ಲಿ ಪಾರ್ಕ್ ಆವರಣದ ಕಂಪ್ಯೂಟಿಂಗ್ ಮ್ಯೂಸಿಯಮ್ಮಿನಲ್ಲಿ 'ಕೊಲೋಸಸ್' ಓಡುತ್ತದೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸಂಕೇತ ಒಡೆಯಲು ಟಾಮಿ ಫ್ಲವರ್ಸ್ ಕಟ್ಟಿದ ಎಲೆಕ್ಟ್ರಾನಿಕ್ ಯಂತ್ರದ ಮರುನಿರ್ಮಾಣ ಅದು. ಗುಟ್ಟು ಹೊರಬೀಳದಿರಲೆಂದು ಮೂಲ ನಕ್ಷೆಗಳನ್ನು ಸುಟ್ಟುಹಾಕಿದ್ದರು. ಟೋನಿ ಸೇಲ್ ಮತ್ತವರ ತಂಡ ಉಳಿದ ಕೆಲವು ಫೋಟೊ, ಚೂರುಪಾರು ಚಿತ್ರ, ಹಳೆಯ ಎಂಜಿನಿಯರುಗಳ ನೆನಪು ಹಿಡಿದು ಮತ್ತೆ ಕಟ್ಟಿದರು. ಅದರ ಕಾಗದದ ಪಟ್ಟಿ ಸೆಕೆಂಡಿಗೆ 5,000 ಅಕ್ಷರ ಓದಿಸುತ್ತಾ ಸುತ್ತುತ್ತದೆ. ಯಾಕೆ 5,000, ಇನ್ನೂ ಜಾಸ್ತಿ ಯಾಕಿಲ್ಲ ಎಂದು ಅಲ್ಲಿದ್ದವರನ್ನು ಕೇಳಿ. ಫ್ಲವರ್ಸ್ ವೇಗ ಏರಿಸುತ್ತಾ 9,700ರವರೆಗೂ ಹೋಗಿ ನೋಡಿದ್ದರು. ಅಲ್ಲಿಗೆ ಕಾಗದ ಹರಿದು ಚೂರಾಯಿತು. ಯಂತ್ರದ ಎಲೆಕ್ಟ್ರಾನಿಕ್ ವಾಲ್ವುಗಳಿಗೆ ಇನ್ನೂ ದಮ್ಮಿತ್ತು, ಕಾಗದಕ್ಕೆ ಇರಲಿಲ್ಲ.