ತುಮರಿಗೆ ಹೊರಡುವ ಮುಂಚೆ ಹಲ್ಲು ಎಣಿಸಿ

2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಓಡಾಟಕ್ಕೆ ತೆರೆಯಿತು. ಆವತ್ತಿನಿಂದ ಸಾಗರದ ನನ್ನ ಸೈಕಲ್ ರಿಪೇರಿ ಅಂಗಡಿಗೆ ಬರುವವರು ಕೇಳುವ ಮೊದಲ ಪ್ರಶ್ನೆ, "ತುಮರಿ ಕಡೆ ಸುತ್ತಿ ಬರೋಕೆ ಎಷ್ಟು ಕಿಲೋಮೀಟರ್ ಆಗುತ್ತೆ?" ಹಿಂದೆ ಲಾಂಚ್‌ಗೆ ಕಾಯಬೇಕಿತ್ತು. ಸಂಜೆಯ ಕೊನೆ ಲಾಂಚ್ ತಪ್ಪಿದರೆ ರಾತ್ರಿ ಆಚೆ ದಡದಲ್ಲೇ. ಈಗ ಎರಡೂವರೆ ಕಿಲೋಮೀಟರ್ ಹತ್ತಿರದ ಸೇತುವೆಯನ್ನು ಏಳೆಂಟು ನಿಮಿಷದಲ್ಲಿ ದಾಟಬಹುದು. ಆದರೂ ನಾನು ಕಿಲೋಮೀಟರ್ ಲೆಕ್ಕ ಹೇಳಲು ಹೋಗುವುದಿಲ್ಲ. ಮೊದಲು ಸೈಕಲ್ ಸ್ಟ್ಯಾಂಡಿಗೆ ಹಾಕಿ, ಹಿಂದಿನ ದೊಡ್ಡ ಗೇರಿನ ಹಲ್ಲು ಎಣಿಸುತ್ತೇನೆ.

ಯಾಕೆ ಅಂತ ತಿಳಿಯಬೇಕಾದರೆ ಸೇತುವೆಯಾಚೆ ತುಮರಿ ಸುತ್ತಿನ ನೆಲವನ್ನು ಸ್ವಲ್ಪ ನೋಡಬೇಕು. ನಮ್ಮ ಕಡೆ ಅದನ್ನು ದ್ವೀಪ ಅಂತಲೇ ಕರೆಯುತ್ತಾರೆ. ಮೂರು ಕಡೆ ಶರಾವತಿ ಹಿನ್ನೀರು, ಇನ್ನೊಂದು ಕಡೆ ಕಾಡು ಮತ್ತು ಘಟ್ಟ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ಹೊಳೆ ಪಕ್ಕದ ಗದ್ದೆಬಯಲು, ಹಳೇ ದಾರಿ, ಎಷ್ಟೋ ಊರು ನೀರಿನಡಿ ಹೋದವು. ಅಣೆಕಟ್ಟೆ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಅದರ ಕೆಳಗಿದ್ದ ಸಮತಟ್ಟು ಜಾಗವೆಲ್ಲ ಮುಳುಗಿತು, ಜನರಿಗೆ ಉಳಿದದ್ದು ಗುಡ್ಡದ ಮೈ. ರಸ್ತೆಯೂ ಅಲ್ಲೇ ಬಂತು. ಒಂದು ಗುಡ್ಡ ಹತ್ತುತ್ತದೆ, ಹಳ್ಳಕ್ಕೆ ಇಳಿಯುತ್ತದೆ, ಮತ್ತೆ ಹತ್ತುತ್ತದೆ. ಇಡೀ ದಿನ ಇದೇ.

ಆಗುಂಬೆ ಘಾಟಿ ಹತ್ತಿದವರು ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಅಲ್ಲಿ 14 ದೊಡ್ಡ ತಿರುವು, ಒಂದೇ ಹದದ ಏರು. ಉಸಿರು ಒಂದು ಲಯಕ್ಕೆ ಬಂದುಬಿಡುತ್ತದೆ. ದ್ವೀಪದ ಒಳದಾರಿಯಲ್ಲಿ ಆ ಲಯ ಸಿಗುವುದೇ ಇಲ್ಲ. ಇನ್ನೂರು, ಮುನ್ನೂರು ಮೀಟರ್‌ನ ಗಿಡ್ಡ ಏರು, ಅದೂ ಕಡಿದು. ಇಳಿಯುವಾಗ ವೇಗ ಸಿಕ್ಕಿತು ಅನ್ನುವಷ್ಟರಲ್ಲಿ ತಿರುವು, ಬ್ರೇಕ್. ಏರಿ ಗಳಿಸಿದ್ದು ಅಲ್ಲೇ ಹೋಯಿತು, ಅಲ್ವಾ? ನನ್ನ ಅಂದಾಜಿನ ಲೆಕ್ಕ ಹೀಗೆ: 100 ಮೀಟರ್ ಎತ್ತರ ಹತ್ತಿದರೆ ಬಯಲಿನ ನಾಲ್ಕು ಕಿಲೋಮೀಟರ್ ತುಳಿದ ಹಾಗೆ. ದಾರಿ 60 ಕಿಲೋಮೀಟರ್, ಒಟ್ಟು ಏರು 1000 ಮೀಟರ್ ಇದ್ದರೆ ನಿಮ್ಮ ಕಾಲಿಗೆ ಅದು 100 ಕಿಲೋಮೀಟರ್. ಮೊಬೈಲ್ ಮ್ಯಾಪ್‌ನಲ್ಲಿ ಒಟ್ಟು ಏರು ಎಷ್ಟು ಅಂತ ಮನೆಯಲ್ಲೇ ನೋಡಿಕೊಳ್ಳಿ. ಮ್ಯಾಪನ್ನು ಫೋನಿಗೆ ಇಳಿಸಿಕೊಂಡೂ ಇರಿ. ಅಲ್ಲಿ ನೆಟ್‌ವರ್ಕ್ ಸಿಗದ ಜಾಗ ಜಾಸ್ತಿ.

ಈಗ ಹಲ್ಲಿನ ವಿಷಯ. ಮುಂದೆ ಪೆಡಲ್ ಬಳಿಯ ಚಿಕ್ಕ ಗೇರ್ ಚಕ್ರ 34, ಹಿಂದಿನ ದೊಡ್ಡ ಗೇರ್ ಚಕ್ರವೂ 34 ಹಲ್ಲು ಇದ್ದರೆ, ಪೆಡಲ್ ಒಂದು ಸುತ್ತು ತಿರುಗಿದಾಗ ಗಾಲಿಯೂ ಒಂದೇ ಸುತ್ತು. ಸೈಕಲ್ ಎರಡು ಮೀಟರ್ ಚಿಲ್ಲರೆ ಮುಂದೆ ಹೋಗುತ್ತದೆ. ಮುಂದೆ 39, ಹಿಂದೆ 25 ಇದ್ದರೆ ಮೂರು ಮೀಟರ್ ದಾಟುತ್ತದೆ. ಬಯಲಿನಲ್ಲಿ ಇದು ಲಾಭ. ಏರಿನಲ್ಲಿ ಮಾತ್ರ ಪ್ರತಿ ತುಳಿತಕ್ಕೂ ಒಂದೂವರೆ ಪಟ್ಟು ಒತ್ತಬೇಕು. ಶಿವಮೊಗ್ಗದ ಗಿರಾಕಿಯೊಬ್ಬರು ಭದ್ರಾವತಿ, ತರೀಕೆರೆ ಕಡೆ 100 ಕಿಲೋಮೀಟರ್ ಆರಾಮಾಗಿ ಹೊಡೆಯುವವರು. ಇಂಥದ್ದೇ ಗೇರಿನಲ್ಲಿ ದ್ವೀಪಕ್ಕೆ ಹೋಗಿ, ಮಂಡಿ ಹಿಡಿದುಕೊಂಡು ಅಡಕೆ ಸಾಗಿಸುವ ಪಿಕಪ್‌ನಲ್ಲಿ ವಾಪಸ್ ಬಂದರು. ಅವರ ಕಾಲಿನಲ್ಲಿ ತಾಕತ್ತಿಗೆ ಕೊರತೆ ಇರಲಿಲ್ಲ. ಕ್ಯಾಸೆಟ್, ಅಂದರೆ ಹಿಂದಿನ ಗೇರ್ ಚಕ್ರಗಳ ಗೊಂಚಲು ಬದಲಾಯಿಸಿ, ಅದಕ್ಕೆ ಹೊಂದುವ ಡಿರೈಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಹಾಕಿಕೊಟ್ಟೆ. ಮುಂದಿನ ತಿಂಗಳು ಅದೇ ದಾರಿ ಮುಗಿಸಿ ಬಂದರು.

ಇಳಿಜಾರಿನದು ಇನ್ನೊಂದು ಕಥೆ. ಮಳೆ ನಿಂತ ಮೇಲೂ ದರೆಯ ಮಣ್ಣು ಜರಿದು ರಸ್ತೆ ಮೇಲೆ ಹರಡಿರುತ್ತದೆ. ನಮ್ಮದು ಜಂಬಿಟ್ಟಿಗೆ ಮಣ್ಣು, ಒದ್ದೆಯಾದರೆ ಕೆಂಪು ಲೇಹ್ಯ. ಅದರಲ್ಲಿ ಓಡಿಸಿ ತಂದ ಸೈಕಲ್ಲಿನ ಬ್ರೇಕ್ ರಬ್ಬರ್ ಬಿಚ್ಚಿ ಬೆಳಕಿಗೆ ಹಿಡಿದರೆ ಸಣ್ಣ ಬೆಳ್ಳಿ ಚುಕ್ಕೆಗಳು ಹೊಳೆಯುತ್ತವೆ. ಅವು ನಿಮ್ಮ ರಿಮ್ಮಿನ ಅಲ್ಯೂಮಿನಿಯಂ ಚೂರುಗಳು. ಮರಳಿನ ಕಾಳು ರಿಮ್ಮನ್ನು ಕೆರೆಯುತ್ತದೆ, ಕೆರೆದ ಚೂರು ರಬ್ಬರಿನಲ್ಲಿ ಕೂತು ಮತ್ತಷ್ಟು ಕೆರೆಯುತ್ತದೆ. ಸೂಜಿಯಿಂದ ಒಂದೊಂದನ್ನೂ ಕಿತ್ತು, ರಬ್ಬರನ್ನು ಮರಳು ಕಾಗದದಲ್ಲಿ ಉಜ್ಜಿ ಹಾಕಿ. ಹತ್ತು ನಿಮಿಷದ ಕೆಲಸ. ಡಿಸ್ಕ್ ಬ್ರೇಕಿನವರು ಮಳೆಗಾಲದಲ್ಲಿ ಲೋಹದ ಪ್ಯಾಡ್ ಹಾಕಿಸಿಕೊಳ್ಳಿ, ಮೆತ್ತಗಿನದು ಈ ಕೆಸರಿನಲ್ಲಿ ಬೇಗ ಸವೆಯುತ್ತದೆ. ಡಿಸ್ಕ್ ಅದಕ್ಕೆ ಹೊಂದುತ್ತದೆಯಾ ಅಂತ ಮೊದಲು ನೋಡಿಸಿ.

ನಾಗೋಡಿ ಮೇಲೆ ಕೊಲ್ಲೂರಿಗೆ ಇಳಿಯುವವರಿಗೆ ಇನ್ನೊಂದು ಮಾತು. ರಿಮ್ ಬ್ರೇಕನ್ನು ಉದ್ದಕ್ಕೂ ಹಿಡಿದೇ ಇರಬೇಡಿ. ರಿಮ್ ಕಾದರೆ ಒಳಗಿನ ಟ್ಯೂಬ್ ಒಡೆಯಬಹುದು. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು, ಆಮೇಲೆ ಪೂರ್ತಿ ಬಿಡಿ. 32 ಎಂಎಂ ಅಗಲದ ಟೈರು ಹಿಡಿಸಿದರೆ ಅದನ್ನೇ ಹಾಕಿ, ಗಾಳಿ ಸ್ವಲ್ಪ ಕಡಿಮೆ ಇರಲಿ.

ಹೋಗಲು ಅಕ್ಟೋಬರ್‌ನಿಂದ ಫೆಬ್ರವರಿ ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆರಳಿನ ತಿರುವುಗಳಲ್ಲಿ ಪಾಚಿ ಕಟ್ಟಿರುತ್ತದೆ. ದಯವಿಟ್ಟು ಆಗ ಹೋಗಬೇಡಿ, ಮುರಿದ ಕೊರಳೆಲುಬಿನವರನ್ನು ನೋಡಿ ನನಗೆ ಸಾಕಾಗಿದೆ. ಹಸಿರುಮಕ್ಕಿ ಕಡೆಯಿಂದ ಸುತ್ತು ಹಾಕುವವರು ಅಲ್ಲಿ ಹಿನ್ನೀರು ದಾಟುವ ವ್ಯವಸ್ಥೆ ಏನಿದೆ ಅಂತ ಹಿಂದಿನ ದಿನವೇ ವಿಚಾರಿಸಿ. ಭಾನುವಾರ ಸಿಗಂದೂರಿಗೆ ಹೋಗುವ ಕಾರುಗಳು ಜಾಸ್ತಿ, ಬೆಳಿಗ್ಗೆ ಬೇಗ ದಾಟಿಬಿಡಿ.

ಬ್ಯಾಕೋಡು ದಾಟಿ ಒಳಗೆ ಹೋದರೆ ಅಂಗಡಿ ಕಡಿಮೆ. ನೀರು ಖಾಲಿಯಾದರೆ ಸಂಕೋಚ ಬೇಡ, ಯಾವುದಾದರೂ ಮನೆ ಅಂಗಳದ ಆಚೆ ನಿಂತು ಕರೆಯಿರಿ. "ಬನ್ನಿ, ಆಸರಿಗೆ ಎಂತ ಕುಡಿತೀರಿ?" ಅಂತ ಕೇಳಿ, ತಂಬಿಗೆ ನೀರಿನ ಜೊತೆ ಬೆಲ್ಲ ತಂದಿಡುತ್ತಾರೆ. ಕೂತು ತಿನ್ನಿ, ಏರಿಗೆ ಅದು ಬೇಕು. ಹೊರಡುವಾಗ ಮುಂದಿನ ಊರು ಎಷ್ಟು ದೂರ ಅಂತ ಕೇಳುವ ಬದಲು, ಜೀಪು ಫಸ್ಟ್ ಗೇರಿಗೆ ಬರುವುದು ಎಲ್ಲಿ ಅಂತ ಕೇಳಿ. ಆ ಮರ, ಆ ತಿರುವು ಯಾವುದು ಅಂತ ಸರಿಯಾಗಿ ಹೇಳುತ್ತಾರೆ. ಅಲ್ಲಿಗೆ ಸ್ವಲ್ಪ ಮುಂಚೆಯೇ ಗೇರ್ ಇಳಿಸಿಕೊಳ್ಳಿ.