ಇಸಿಜಿ ನಾರ್ಮಲ್ ಬಂದ ಮೇಲೂ ಎಕೋ ಏಕೆ?

ಪ್ರಶ್ನೆ: ನನ್ನ ಹೆಂಡತಿಗೆ 34 ವರ್ಷ. ಒಂದು ಕೊಡ ನೀರು ಹೊತ್ತರೂ ಏದುಸಿರು ಬರುತ್ತದೆ. ಇಸಿಜಿ ನಾರ್ಮಲ್ ಬಂದಿದೆ. ಆದರೂ ಎಕೋ ಮಾಡಿಸಿ ಎನ್ನುತ್ತಾರೆ. ಹೃದಯ ಸರಿ ಇದ್ದ ಮೇಲೆ ಅದೇಕೆ?

ಉತ್ತರ: ಹೃದಯ ಸರಿ ಇದೆ ಎಂದು ಹೇಳಿದವರು ಯಾರು? ಇಸಿಜಿಯಂತೂ ಹಾಗೆ ಹೇಳಿಲ್ಲ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. ಈ ಸಲ ಬಿಡಿಸಿ ಬರೆಯುತ್ತೇನೆ, ದಯವಿಟ್ಟು ಎತ್ತಿಟ್ಟುಕೊಳ್ಳಿ.

ಎಕೋ ಎಂದರೆ ಕಿವಿಗೆ ಕೇಳದ ಶಬ್ದದ ಅಲೆಗಳಿಂದ ಹೃದಯವನ್ನು ಪರದೆಯ ಮೇಲೆ ತೋರಿಸುವ ಪರೀಕ್ಷೆ. ಇಸಿಜಿ ನೋಡುವುದು ಹೃದಯದ ವಿದ್ಯುತ್ತನ್ನು. ಬಡಿತದ ಲಯ ತಪ್ಪಿದೆಯೇ, ಹೃದಯಾಘಾತದ ಗುರುತಿದೆಯೇ ಎಂದು ತಿಳಿಯಲು ಅದು ಬೇಕೇ ಬೇಕು. ಆದರೆ ಕವಾಟ, ಅಂದರೆ ರಕ್ತ ಹಿಂದಕ್ಕೆ ಹರಿಯದಂತೆ ತಡೆಯುವ ಹೃದಯದೊಳಗಿನ ಬಾಗಿಲು, ಅದಕ್ಕೆ ಕಾಣುವುದಿಲ್ಲ. ತೋಟದ ಪಂಪ್‌ಸೆಟ್ಟನ್ನು ನೆನೆಸಿಕೊಳ್ಳಿ. ಸ್ಟಾರ್ಟರಿನಲ್ಲಿ ವೋಲ್ಟೇಜ್ ಸರಿಯಾಗಿದೆ, ಮೋಟಾರು ತಿರುಗುತ್ತಿದೆ, ನೀರು ಮಾತ್ರ ಬರುತ್ತಿಲ್ಲ. ಬಾವಿಯೊಳಗೆ ಫುಟ್‌ವಾಲ್ವಿಗೆ ಕಸ ಸಿಕ್ಕಿಕೊಂಡಿದೆ. ವೋಲ್ಟೇಜಿನ ಮುಳ್ಳು ನೋಡಿ ವಾಲ್ವ್ ಸರಿಯಿದೆ ಎನ್ನುವ ರೈತನನ್ನು ನಾನು ಕಂಡಿಲ್ಲ. ಅದೇ ರೈತ ಇಸಿಜಿ ಚೀಟಿ ಹಿಡಿದು ಬಂದು, ಹಾರ್ಟು ಚೆನ್ನಾಗಿದೆಯಂತೆ ಎನ್ನುತ್ತಾನೆ! ಕವಾಟ ಕೆಟ್ಟು ಬಹುಕಾಲವಾಗಿ ಹೃದಯದ ಕೋಣೆ ಹಿಗ್ಗಿದರೆ, ಲಯ ತಪ್ಪಿದರೆ, ಆಗ ಇಸಿಜಿಯಲ್ಲಿ ಸುಳಿವು ಸಿಗಬಹುದು. ಅಲ್ಲಿಯವರೆಗೆ ಅದು ನಾರ್ಮಲ್ ಆಗಿಯೇ ಇರಬಹುದು. ಬಿಪಿ ಸರಿ ಇದೆ, ಸಕ್ಕರೆ ಸರಿ ಇದೆ ಎಂದೂ ಕೆಲವರು ಸೇರಿಸುತ್ತಾರೆ. ಅವುಗಳಿಂದಲೂ ಕವಾಟದ ಸ್ಥಿತಿ ತಿಳಿಯುವುದಿಲ್ಲ.

ನಿಮ್ಮ ವೈದ್ಯರಿಗೆ ಬಹುಶಃ ಒಂದು ಸದ್ದು ಕೇಳಿಸಿದೆ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ ಕಿರಿದಾಗಿದ್ದರೆ, ರೋಗಿಯನ್ನು ಎಡಮಗ್ಗುಲಿಗೆ ಹೊರಳಿಸಿ ಸ್ಟೆತಸ್ಕೋಪನ್ನು ಎದೆಗೆ ಹಗುರವಾಗಿ ತಾಗಿಸಿದಾಗ ದೂರದ ಗುಡುಗಿನಂಥ ಸದ್ದು ಕೇಳುತ್ತದೆ. ಗದ್ದಲದ ಹೊರರೋಗಿ ವಿಭಾಗದಲ್ಲಿ ಅದನ್ನು ಹಿಡಿದವರಿಗೆ ನಾನು ಕೈಮುಗಿಯುತ್ತೇನೆ. ಅದನ್ನು ಖಚಿತಪಡಿಸುವುದು ಎಕೋ. ಆರೋಗ್ಯವಂತರಲ್ಲಿ ಈ ಕವಾಟ 4ರಿಂದ 6 ಚದರ ಸೆಂಟಿಮೀಟರ್ ತೆರೆದುಕೊಳ್ಳುತ್ತದೆ. ಅಂಚುಗಳು ಬೆಸೆದುಕೊಂಡಿದ್ದರೆ ಪರದೆಯ ಮೇಲೆ ಮೀನಿನ ಬಾಯಿಯಂತೆ ಕಾಣುತ್ತದೆ. ಆ ಬಾಯಿಯ ಸುತ್ತ ಗೆರೆ ಎಳೆದು ಅಳೆಯುತ್ತಾರೆ. ಅಳತೆ 1.5 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೊಂದರೆ ತೀವ್ರವಾಗಿದೆ ಎಂದರ್ಥ. ಎಕೋ ಹುಟ್ಟಿಕೊಂಡಿದ್ದರ ಹಿಂದೆ ಇದ್ದದ್ದೂ ಇದೇ ಕವಾಟ. ಶಸ್ತ್ರಚಿಕಿತ್ಸೆಗೆ ಮೊದಲು ಇದರ ಸ್ಥಿತಿ ತಿಳಿಯಬೇಕಿದ್ದ ಸ್ವೀಡನ್ನಿನ ವೈದ್ಯ ಇಂಗೆ ಎಡ್ಲರ್, ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಜೊತೆ ಸೇರಿ 1953ರಲ್ಲಿ, ಅಂಥದೇ ಶಬ್ದದ ಅಲೆಗಳಿಂದ ಲೋಹದ ಒಳಬಿರುಕು ಹುಡುಕುವ ಯಂತ್ರವನ್ನು ಎರವಲು ತಂದು ಎದೆಗೆ ಹಿಡಿದರು.

ಬಲೂನಿನಿಂದ ಅಗಲಿಸಬೇಕೇ, ಕವಾಟವನ್ನೇ ಬದಲಿಸಬೇಕೇ ಎಂಬುದೆಲ್ಲ ಎಕೋ ನೋಡಿದ ಮೇಲಿನ ಮಾತು.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಮ್ಮಲ್ಲಿ ಈ ಕವಾಟ ಕಿರಿದಾಗುವುದರ ಮೂಲ ಹೆಚ್ಚಾಗಿ ಬಾಲ್ಯದ ಗಂಟಲುನೋವು. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ತಗುಲಿದ ಎರಡು ಮೂರು ವಾರಗಳ ಬಳಿಕ ಕೆಲವು ಮಕ್ಕಳಿಗೆ ಜ್ವರ ಬಂದು, ಇವತ್ತು ಮೊಣಕಾಲು, ನಾಳೆ ಹಿಮ್ಮಡಿಯ ಗಂಟು ಊದಿಕೊಳ್ಳುತ್ತದೆ. ಇದು ರುಮ್ಯಾಟಿಕ್ ಜ್ವರ. ಬೆಳೆಯುವ ಮಕ್ಕಳ ನೋವೆಂದು ಎಣ್ಣೆ ತಿಕ್ಕಿ ಸುಮ್ಮನಾಗುತ್ತೇವೆ. ಕೀಲಿನ ಊತ ಇಳಿಯುತ್ತದೆ, ಕವಾಟದ ಗಾಯ ಉಳಿದುಬಿಡಬಹುದು. ಜ್ವರ ಮರುಕಳಿಸಿದಷ್ಟೂ ಹಾನಿ ಹೆಚ್ಚು. ಅದಕ್ಕೇ ಮೂರು ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡುತ್ತಾರೆ. ನೋವು ಹೋಯಿತೆಂದು ಅದನ್ನು ನಡುವೆ ಬಿಡಿಸಬೇಡಿ.

ಎಕೋಗೆ ಹೊರಡುವ ಮುನ್ನ ನಿಮ್ಮ ಹೆಂಡತಿಯನ್ನು ಕೇಳಿ: ಶಾಲೆಗೆ ಹೋಗುವ ವಯಸ್ಸಿನಲ್ಲಿ ಮೊಣಕಾಲು ಊದಿ ಮಲಗಿದ್ದು ಉಂಟೇ? ಅವರಿಗೆ ನೆನಪಿಲ್ಲದಿದ್ದರೆ ಅವರ ತಾಯಿಗೆ ಇರುತ್ತದೆ. ಫೋನ್ ಮಾಡಿ ಕೇಳಿ, ಅದನ್ನು ವೈದ್ಯರಿಗೆ ತಿಳಿಸಿ.